ಪುಟ್ಟಗಂಗಮ್ಮನ ಬೊಗಸೆ

ಪತ್ರಿಕೆಯನ್ನು ಸುರುಳಿ ಸುತ್ತಿ ಅವರ ಎದೆಗೆ ಎಸೆದೆ. ತಾಗಿ ಕೆಳಗೆ ಬಿತ್ತು. ಪ್ರೆಸ್ಸಿನ ನೆಲದ ತುಂಬ ಮಸಿ. ಇಬ್ಬರೂ ಬಗ್ಗಿ ಎತ್ತಲಿಲ್ಲ.

“ಮೊದ್ಲು ಅದ್ರಲ್ಲಿರೋ ನಮ್ಮವ್ವನ ಹೆಸರು ಅಳಿಸಿ. ಆಮೇಲೆ ಕೂತ್ಕೊಳ್ಳಿ” ಅಂದೆ.

ಸನಂ ನೇಗಿ ಬೆಂಗಳೂರಿನ ಬಸ್ಸಿನಿಂದ ಇಳಿದು ನೇರ ನನ್ನಲ್ಲಿಗೇ ಬಂದಿದ್ದರು. ಹೆಗಲಲ್ಲಿ ಖಾದಿ ಚೀಲ, ಹುಬ್ಬಿನ ಮೇಲೆ ರಸ್ತೆಯ ಧೂಳು. ನಗುತ್ತಲೇ ಹೊಸ್ತಿಲು ದಾಟಿದ್ದರು. ಆ ನಗು ಮುಖದಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದನ್ನು ನೋಡಿ ಸಿಟ್ಟು ಇನ್ನೊಂದು ಪಟ್ಟು ಏರಿತು.

“ಗಂಗಲಕ್ಷ್ಮಿಯವರೇ, ಅಚ್ಚಾದುದನ್ನು ಅಳಿಸಲು ಸಾಧ್ಯವಿಲ್ಲ” ಅಂದರು.

“ಹಂಗಾದ್ರೆ ಯಾಕ್ರೀ ಅಚ್ಚು ಹಾಕ್ಸಿದ್ರಿ?”

“ಗೌರವಕ್ಕಾಗಿ.”

“ಗೌರವ!” ನನ್ನ ಕೈಯಲ್ಲಿದ್ದ ಅಚ್ಚಿನ ಮೊಳೆಗಳು ಚೆಲ್ಲಿದವು. ಒಂದು ಪ್ಯಾರಾ ಪೂರ್ತಿ ಜೋಡಿಸಿದ್ದೆ. ಹಿಂದಿನ ರೂಮಿನಿಂದ ಪ್ರೆಸ್ಸಿನ ಯಜಮಾನರು ನಂಜುಂಡಪ್ಪ ಇಣುಕಿದರು. ನನ್ನ ಮುಖ ನೋಡಿ ಹಾಗೇ ತಲೆ ಒಳಗೆ ಎಳೆದುಕೊಂಡರು.

ಹದಿನೈದು ದಿನದ ಹಿಂದೆ ಬೆಂಗಳೂರಿನ ವಾರಪತ್ರಿಕೆಯೊಂದರಲ್ಲಿ ಅವರ ಕವಿತೆ ಬಂದಿತ್ತು. ಹಿಂದಿ, ಉರ್ದು, ಇಂಗ್ಲಿಷ್ ಮತ್ತು ತಮ್ಮ ಬೆಟ್ಟದ ಮಾತಿನಲ್ಲಿ ಬರೆಯುತ್ತಿದ್ದ ಮನುಷ್ಯ ಕನ್ನಡದಲ್ಲಿ ಬರೆದ ಮೊದಲ ಕವಿತೆ. ಶುರುವಿನ ಸಾಲುಗಳು ನನಗೆ ಬಾಯಿಪಾಠವಾಗಿದ್ದವು. ಇಷ್ಟಪಟ್ಟು ಕಲಿತದ್ದಲ್ಲ.

ತೆಂಗಿನ ಸೀಮೆಯ ದುರ್ಗಯ್ಯನ ಮಡದಿ ಪುಟ್ಟಗಂಗಮ್ಮ
ಎರಡು ಕೈ ಜೋಡಿಸಿದರೆ ಒಂದು ಬಟ್ಟಲು.
ಆಕಾಶದಿಂದ ಇಳಿದ ನೀರು
ಆ ಬಟ್ಟಲಲ್ಲಿ ಹುಣ್ಣಿಮೆಯಾಯಿತು.

“ಆಕಾಶದಿಂದ ಇಳಿದದ್ದಲ್ಲ ರೀ ಅದು” ಅಂದೆ. “ಕೊಬ್ಬರಿ ಶೆಡ್ಡಲ್ಲಿ ಲೆಕ್ಕ ಬರೆಯೋ ರೈಟರ್ ಮರುಳಸಿದ್ದಯ್ಯನ ಚೆಂಬಿಂದ ಇಳಿದದ್ದು. ನಮ್ಮವ್ವ ಅವರ ಲೋಟ ಮುಟ್ಟಬಾರ್ದು. ನಮ್ಮ ಜಾತಿಯೋರು ಯಾರೂ ಮುಟ್ಟಬಾರ್ದು. ಅದಕ್ಕೆ ಬೊಗಸೆ ಒಡ್ಡೋದು. ಹುಣ್ಣಿಮೆಯಂತೆ, ಹುಣ್ಣಿಮೆ!”

ನಗು ಈಗ ಪೂರ್ತಿ ಇಳಿಯಿತು. ಕಿವಿಗಳು ಕೆಂಪಾದವು. ಅವರಿಗೆ ನಾಚಿಕೆಯಾದರೂ ಸಂತೋಷವಾದರೂ ಮೊದಲು ಗೊತ್ತಾಗುವುದು ಕಿವಿಗೆ. ಬೇರೆ ದಿನವಾಗಿದ್ದರೆ ಕೆಲಸ ಬಿಟ್ಟು ನೋಡುತ್ತಿದ್ದೆ.

ಉಳಿದದ್ದನ್ನೂ ಹೇಳಿದೆ. ಮುಂದಿನ ವಾರದ ಸಂಚಿಕೆಯಲ್ಲಿ ಒಬ್ಬ ಓದುಗ ಪತ್ರ ಬರೆದಿದ್ದ: ಕವಿಗೆ ಕಣ್ಣಿಲ್ಲವೇ, ಇದು ಅಸ್ಪೃಶ್ಯತೆ, ಕಾನೂನಿನ ಪ್ರಕಾರ ಅಪರಾಧ, ಈ ಪುಟ್ಟಗಂಗಮ್ಮ ಎಲ್ಲಿಯವರು? ಅದಾದ ನಾಲ್ಕು ದಿನಕ್ಕೆ ಒಬ್ಬ ಅಧಿಕಾರಿ ಆ ಹೆಸರು ಹಿಡಿದು ವಿಚಾರಿಸುತ್ತ ಜೀಪಿನಲ್ಲಿ ತುರುವೇಕೆರೆ ರಸ್ತೆಯ ಶಂಭುಲಿಂಗಯ್ಯನವರ ಕೊಬ್ಬರಿ ಶೆಡ್ಡಿಗೆ ಬಂದ. ಶಂಭುಲಿಂಗಯ್ಯನವರ ಜೊತೆ ಕೂತು ಕಾಫಿ ಕುಡಿದ. ಆಮೇಲೆ ಅವರ ಎದುರಿಗೇ ಅವ್ವನನ್ನು ಕರೆಸಿ ಕೇಳಿದ: “ಏನಮ್ಮ, ನಿನಗೆ ಲೋಟದಲ್ಲಿ ನೀರು ಕೊಡಲ್ವಾ?”

ಅವ್ವ ಏನು ಹೇಳಬೇಕಿತ್ತು? “ಕೊಡ್ತಾರೆ ಸ್ವಾಮಿ” ಅಂದಳು. ಜೀಪು ಹೋಯಿತು. “ನಾಳೆಯಿಂದ ಬರಬ್ಯಾಡ, ಪೇಪರ್ನಾಗೆ ಹೆಸರು ಬಂದಿರೋ ದೊಡ್ಡ ಮನುಷ್ರು ನಮ್ಗೆ ಬ್ಯಾಡ” ಅಂದರು ಶಂಭುಲಿಂಗಯ್ಯ. ಹದಿನೆಂಟು ವರ್ಷ ಅವ್ವ ಕಾಯಿ ಒಡೆದ ಜಾಗ ಅದು.

“ಕೆಲಸ ಹೋದದ್ದು ಬುಡ್ರಿ” ಅಂದೆ. “ಅವಳ ಬಾಯಲ್ಲೇ ಆ ಸುಳ್ಳು ಹೇಳ್ಸಿದ್ರಲ್ಲ, ಅದಕ್ಕೆ ಕ್ಷಮೆ ಇಲ್ಲ.”

ಅವರು ಮೆಲ್ಲಗೆ ಬಾಯಿ ತೆರೆದರು. “ಆದರೆ ಹಾಗೆ ಕುಡಿಯುವುದು ರೂಢಿ ಎಂದು ನೀವೇ...”

ಅಷ್ಟಕ್ಕೇ ನಿಲ್ಲಿಸಿದರು. ಮುಗಿಸಿದ್ದರೆ ನನಗೆ ಬೈಯಲು ಅನುಕೂಲವಾಗುತ್ತಿತ್ತು.

“ಆಚೆ ಹೋಗಿ” ಅಂದೆ.

ಹೋದರು. ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದರು. ನಾನು ನೆಲದ ಮೇಲೆ ಮೊಳೆ ಹೆಕ್ಕುತ್ತಿದ್ದೆ. ನೋಡಲಿಲ್ಲ ಅಂತ ಅವರು ತಿಳಿದುಕೊಂಡಿರಬೇಕು.

*

ಅವರು ನಮ್ಮ ಊರಿಗೆ ಮೊದಲು ಬಂದದ್ದು ಅದೇ ವರ್ಷ, ೧೯೮೩ರ ಶ್ರಾವಣದಲ್ಲಿ. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ವರದಿಗಾರ. ಕೊಬ್ಬರಿ ವ್ಯಾಪಾರದ ಬಗ್ಗೆ ಬರೆಯಲು ಬಂದಿದ್ದರು. ಊರು ಹಿಮಾಚಲದ ಕಿನ್ನೌರ್. ಸತ್ಲುಜ್ ಹೊಳೆಯ ಮೇಲಿನ ಬೆಟ್ಟ, ಕೊನೆಯ ಬಸ್ ಸ್ಟಾಪಿನಿಂದ ಒಂದು ದಿನದ ನಡಿಗೆಯಂತೆ. ಕನ್ನಡ ಕಲಿತು ಎರಡೇ ವರ್ಷ. ಕಲಿತದ್ದು ಪತ್ರಿಕೆಗಳಿಂದ, ಆದ್ದರಿಂದ ಅವರ ಬಾಯಲ್ಲಿ ಎಲ್ಲವೂ ಸುದ್ದಿಯಂತೆ ಬರುತ್ತಿತ್ತು.

“ಊಟ ಆಯ್ತಾ?” ಅಂತ ಕೇಳಿದರೆ “ಆಗಿರುವುದಾಗಿ ತಿಳಿಸುತ್ತೇನೆ” ಅನ್ನುವರು. ರಸ್ತೆಗೆ ಅಡ್ಡ ಬಂದ ಎಮ್ಮೆಗೆ “ದಯವಿಟ್ಟು ಸರಿಯಿರಿ” ಅಂದದ್ದನ್ನು ನಾನೇ ಕೇಳಿದ್ದೇನೆ. ಎಮ್ಮೆ ಸರಿಯಲಿಲ್ಲ. ಆ ದಿನ ನಕ್ಕಷ್ಟು ನಾನು ಹಾಸ್ಟೆಲಿನ ಐದು ವರ್ಷದಲ್ಲೂ ನಕ್ಕಿರಲಿಲ್ಲ.

ನಾನು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವಳು. ಬಿ.ಎ. ಪಾಸು. ಸರ್ಕಾರಿ ಹಾಸ್ಟೆಲಿನ ಒಂದೇ ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ಎರಡೆರಡು ಸಲ ಓದಿದ್ದೆ. ಅದರಲ್ಲಿ ಪ್ರೇಮದ ಕಾದಂಬರಿಗಳೂ ಇದ್ದವು. ಅವುಗಳಲ್ಲಿ ಯಾರಿಗೂ ನೀರಡಿಕೆ ಆಗುತ್ತಿರಲಿಲ್ಲ.

ಅವರು ಮೊಳೆ ಜೋಡಿಸುವ ಮೇಜಿನ ಎದುರಿಗೆ ನಿಂತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

“ನೀವು ಅಕ್ಷರಗಳನ್ನು ಹಿಂದುಮುಂದಾಗಿ ಓದುತ್ತೀರಿ” ಅಂದರು ಒಂದು ದಿನ.

“ಮೊಳೆ ಇರೋದೇ ಹಂಗೆ.”

“ಮನುಷ್ಯರನ್ನು?”

“ಮನುಷ್ಯರನ್ನ ಓದಲ್ಲ. ಟೈಮಿಲ್ಲ.”

“ನಿಮ್ಮ ಕೆನ್ನೆಯ ಮೇಲೆ ಮಸಿ ಇದೆ.”

“ಇರ್ಲಿ ಬುಡ್ರಿ. ಸಂಜೆಗೆ ತೊಳ್ಕೊತೀನಿ.”

“ತೊಳೆಯಬೇಡಿ” ಅಂದು, ತಾವೇ ಗಾಬರಿಯಾಗಿ, ಕಿವಿ ಕೆಂಪು ಮಾಡಿಕೊಂಡು ಹೊರಗೆ ಹೋಗಿಬಿಟ್ಟರು. ನಾನು ಆ ಸಂಜೆ ಮುಖ ತೊಳೆಯುವಾಗ ಆ ಕೆನ್ನೆಯನ್ನು ಕೊನೆಗೆ ಉಳಿಸಿಕೊಂಡೆ. ಇಷ್ಟು ಒಪ್ಪಿಕೊಳ್ಳುತ್ತೇನೆ.

ಶೆಡ್ಡಿಗೆ ಅವರನ್ನು ಕರೆದುಕೊಂಡು ಹೋದವಳು ನಾನೇ. ನಮ್ಮ ಕಡೆ ಕೊಬ್ಬರಿ ಮಾಡುವುದಕ್ಕೆ ಆತುರ ನಡೆಯುವುದಿಲ್ಲ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಒಡೆಯುವವರು ಹೆಂಗಸರು. ಉಂಡೆಗೆ ಗೀರು ಬೀಳದಂತೆ ಚಿಪ್ಪು ಮಾತ್ರ ಬಿಡಿಸಬೇಕು. ಅವ್ವ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮಚ್ಚಿನ ಬೆನ್ನಿನಿಂದ ಮೂರು ಏಟು ಹಾಕುವಳು. ಉಂಡೆ ಇಡಿಯಾಗಿ ಮಡಿಲಿಗೆ ಬೀಳುತ್ತಿತ್ತು. ಇಡೀ ಶೆಡ್ಡಿನಲ್ಲಿ ಅವಳಷ್ಟು ಹದವಾದ ಕೈ ಇನ್ನೊಂದಿರಲಿಲ್ಲ.

ನೇಗಿ ನೋಟ್‌ಬುಕ್ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಕೂತಿದ್ದ ಭೂತಮ್ಮ, “ಪುಟ್ಟಗಂಗಿ, ಅಳಿಯ ನೋಡಕ್ಕೆ ಬಂದವ್ನಾ? ಕಣ್ಣು ಸಣ್ಣವು, ಮೂಗು ಪರವಾಗಿಲ್ಲ ಕಣೆ” ಅಂದಳು. ಹೆಂಗಸರೆಲ್ಲ ನಕ್ಕರು. ನೇಗಿಗೆ ಅರ್ಥವಾಗಲಿಲ್ಲ, ಆದರೂ ಕೈಮುಗಿದರು.

ಆಗಲೇ ಅವ್ವ ನೀರು ಕೇಳಿದ್ದು. ರೈಟರ್ ಮರುಳಸಿದ್ದಯ್ಯ ಜಗಲಿಯ ಮೇಲೆ ನಿಂತು ಚೆಂಬು ಎತ್ತಿ ಹೊಯ್ದ. ಅವ್ವ ಕೆಳಗೆ ಬಗ್ಗಿ ಬೊಗಸೆ ಒಡ್ಡಿದಳು. ನೀರು ಮೊಣಕೈಯಿಂದ ಇಳಿದು ಸೀರೆ ನೆನೆಯಿತು.

“ಎಷ್ಟು ಚೆನ್ನಾಗಿದೆ” ಅಂದರು ನೇಗಿ. “ನಮ್ಮಲ್ಲೂ ಬೆಟ್ಟದ ಚಿಲುಮೆಯ ನೀರನ್ನು ಹೀಗೇ ಕುಡಿಯುತ್ತೇವೆ. ಇಲ್ಲಿ ಇದು ಪದ್ಧತಿಯೇ?”

ಅವರ ಮುಖ ನನ್ನ ಕಡೆ ತಿರುಗಿತ್ತು. ಯಾವ ಅನುಮಾನವೂ ಇರದ ಮುಖ. ನನ್ನನ್ನು ಆವರೆಗೆ ಹಾಗೆ ಯಾರೂ ನೋಡಿರಲಿಲ್ಲ. ನಮ್ಮ ಊರಲ್ಲಿ ಯಾರೇ ನನ್ನ ಮುಖ ನೋಡಿದರೂ ಮೊದಲು ನಮ್ಮ ಕೇರಿ ಕಾಣುತ್ತಿತ್ತು, ನಾನು ಆಮೇಲೆ. ಈ ಒಬ್ಬ ಮನುಷ್ಯನಿಗೆ ನಾನು ಮೊದಲು ಕಂಡಿದ್ದೆ. ಅದು ಹೋಗಬಾರದು ಅನ್ನಿಸಿತು.

“ಹೂಂ. ನಮ್ಮ ಕಡೆ ರೂಢಿ” ಅಂದೆ.

ಅವರು ಅದನ್ನು ಬರೆದುಕೊಂಡರು.

*

ಭಾನುವಾರ ಬೆಳಿಗ್ಗೆ ಮರುಳಸಿದ್ದಯ್ಯ ನಮ್ಮ ಕೇರಿಯ ಬಾಯಿಗೆ ಬಂದು ಸೈಕಲ್ ನಿಲ್ಲಿಸಿ, ಅಲ್ಲಿಂದಲೇ ಕೂಗಿದ.

“ಪುಟ್ಟಗಂಗಮ್ಮಾ! ಯಜಮಾನ್ರು ನಾಳೆ ಬರಾಕೆ ಹೇಳವ್ರೆ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ಕೆಲಸ ವಾಪಸ್.”

“ಏನು ಕಾಗದ?” ಅಂತ ನಾನು ಕೇಳಿದೆ.

“ಪೇಪರ್ನಾಗೆ ಬಂದಿದ್ದೆಲ್ಲ ಸುಳ್ಳು ಅಂತ. ಅಷ್ಟೇ ಕಣವ್ವ. ಅಟ್ಟದ ತುಂಬ ಕಾಯಿ ಕೂತವೆ. ಬ್ಯಾರೆಯೋರು ಒಡೆದ್ರೆ ಅರ್ಧ ಉಂಡೆ ಚೂರಾಯ್ತವೆ.”

ಅವ್ವ ಹೋಗುತ್ತೇನೆ ಅಂದಳು. ನಾನು ಕೂಗಾಡಿದೆ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು.

“ಒಂದ್ಸಲ ಬಾಯಲ್ಲಿ ಹೇಳಿದೀಯ, ಸಾಲ್ದಾ? ಈಗ ಹೆಬ್ಬೆಟ್ಟು ಬೇರೆ ಒತ್ತಬೇಕಾ? ನಿಂಗೆ ಮಾನ ಇಲ್ವಾ ಅವ್ವ?”

“ಮಾನ ಐತೆ ಕಣೆ. ನೀನು ಓದಿರೋಳು, ಮೇಜಿನ್ ಮುಂದೆ ನಿಂತ್ಕಂಡು ಮಾನ ಕಾಯ್ತೀಯ. ನಾನು ಕೂತ್ಕಂಡು ಕಾಯಿ ಒಡೀಬೇಕು. ಕೈ ಸುಮ್ಕಿದ್ರೆ ನಂಗೆ ನಿದ್ದೆ ಬರಕಿಲ್ಲ.”

“ನಾನು ದುಡಿಯೋದು ಸಾಕಾಗಲ್ವಾ?”

“ಸಾಕಾಯ್ತದೆ. ಅಂಗಂತ ಹದಿನೆಂಟು ವರ್ಸ ಕಲ್ತಿದ್ನ ಯಾವನೋ ಒಬ್ಬ ಹೋಗು ಅಂದ್ರೆ ಬುಟ್ಬುಡ್ಲಾ?”

ನಾನು ಕಾಲು ಅಪ್ಪಳಿಸಿಕೊಂಡು ಹಿತ್ತಲಿಗೆ ಹೋದೆ.

ಮಧ್ಯಾಹ್ನ ನೇಗಿ ಬಂದರು. ಬೆಂಗಳೂರಿಗೆ ಹೋಗಿರಲಿಲ್ಲ, ಮೂರು ದಿನದಿಂದ ಬಸ್ ಸ್ಟ್ಯಾಂಡಿನ ಲಾಡ್ಜಿನಲ್ಲೇ ಇದ್ದರು. ಮರುಳಸಿದ್ದಯ್ಯ ನಿಂತ ಜಾಗದಲ್ಲಿ ಅವರು ನಿಲ್ಲಲಿಲ್ಲ. ನೇರ ನಡೆದು ಬಂದು ನಮ್ಮ ಬಾಗಿಲಿಗೆ ಹಣೆ ಬಡಿಸಿಕೊಂಡರು. ನಮ್ಮ ಬಾಗಿಲು ಗಿಡ್ಡ.

“ಬಗ್ಗಿ ಬಾ ನೇಗಪ್ಪ. ಎದ್ರಿಗೆ ಬಾಗ್ಲು ಐತೆ, ಕಾಣ್ದಾ?” ಅಂದಳು ಅವ್ವ. ಅವಳಿಗೆ ಅವರ ಮೇಲೆ ಸಿಟ್ಟೇ ಇರಲಿಲ್ಲ. ಅದೂ ನನಗೆ ಸಿಟ್ಟು.

ಅವರು ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು: “ನಾನು ಶಂಭುಲಿಂಗಯ್ಯನವರ ಬಳಿ ಹೋಗಿದ್ದೆ.”

“ಯಾಕೆ ಹೋದ್ರಿ? ಯಾರು ಹೋಗಿ ಅಂದ್ರು?”

“ತಪ್ಪು ನನ್ನದು ಎಂದು ತಿಳಿಸಲು. ಅವರು ತುಂಬ ಮರ್ಯಾದೆಯಿಂದ ಕೂರಿಸಿದರು. ನಾನು ಯಾವ ಜಾತಿ ಎಂದು ಕೇಳಿದರು. ಹೇಳಿದೆ. ಬೆಳ್ಳಿಯ ಲೋಟದಲ್ಲಿ ಕಾಫಿ ಕೊಟ್ಟರು.”

“ಕುಡಿದ್ರಾ?”

“ಕುಡಿದೆ.” ತಲೆ ತಗ್ಗಿಸಲಿಲ್ಲ. “ಕುಡಿದು ಮುಗಿಸಿದ ಮೇಲೆ ಅರ್ಥವಾಯಿತು. ಮೊದಲೇ ಆಗಬೇಕಿತ್ತು. ಆಗಲಿಲ್ಲ.”

ನನಗೆ ಏನನ್ನಾದರೂ ಎಸೆಯಬೇಕು ಅನ್ನಿಸಿತು. ಹತ್ತಿರ ಏನೂ ಸಿಗಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಅವ್ವ ದೂರ ಸರಿಸಿಕೊಂಡಿದ್ದಳು.

“ಹೆಸರು ಯಾಕೆ ಹಾಕಿದ್ರಿ? ಅದನ್ನಾದ್ರೂ ಹೇಳಿ.”

“ನಮ್ಮ ಬೆಟ್ಟದಲ್ಲಿ ಹಾಡು ಕಟ್ಟಿದರೆ ಯಾರ ಮೇಲೆ ಕಟ್ಟಿದೆವೋ ಅವರ ಹೆಸರು, ಮನೆಯವರ ಹೆಸರು, ಊರು, ಎಲ್ಲ ಹಾಡಿನಲ್ಲೇ ಬರಬೇಕು. ಇಲ್ಲದಿದ್ದರೆ ಅವರ ಬದುಕನ್ನು ಕದ್ದಂತೆ. ನನ್ನ ಅಜ್ಜಿಯ ಹೆಸರಿನ ಹಾಡು ಇವತ್ತೂ ಮೂರು ಹಳ್ಳಿಯಲ್ಲಿ ಹಾಡುತ್ತಾರೆ. ಹೆಸರು ಬಿಟ್ಟರೆ ನಿಮ್ಮ ತಾಯಿಗೆ ಅವಮಾನ ಎಂದುಕೊಂಡೆ.”

“ಈ ಊರಲ್ಲಿ ನಮ್ಮೋರ ಹೆಸರು ಅಚ್ಚಾಗೋದು ಪೊಲೀಸ್ ಸ್ಟೇಷನ್ ಸುದ್ದಿಯಲ್ಲಿ ಮಾತ್ರ. ನಾನೇ ಜೋಡಿಸ್ತೀನಿ, ನಂಗೊತ್ತು.”

ಅವರು ಚೀಲವನ್ನು ಹೆಗಲಿಂದ ಇಳಿಸಿದರು. ಆಮೇಲೆ ನೆಲ ನೋಡುತ್ತ ಮಾತಾಡಿದರು. ಈ ಸಲ ಸುದ್ದಿಯ ಕನ್ನಡವಿರಲಿಲ್ಲ, ಪದಗಳನ್ನು ಒಂದೊಂದಾಗಿ ಹುಡುಕಬೇಕಾಯಿತು.

“ನಮ್ಮಲ್ಲಿ ಆ ಹಾಡುಗಳಿಗೆ ಡೋಲು ಬಡಿಯುವವರು ಬೇರೆ ಜನ. ಅವರು ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಅಂಗಳದಲ್ಲೇ ನಿಲ್ಲುತ್ತಾರೆ, ಹಿಮದಲ್ಲೂ. ಚಿಕ್ಕವನಿದ್ದಾಗ ಒಬ್ಬ ಡೋಲಿನವನಿಗೆ ನಮ್ಮ ತಾಯಿ ರೊಟ್ಟಿಯನ್ನು ಮೇಲಿನಿಂದ ಹಾಕಿದ್ದು ನೋಡಿದ್ದೇನೆ. ಹಿಡಿದ ರೀತಿ ಎಷ್ಟು ಚುರುಕು ಎಂದು ಮೆಚ್ಚಿಕೊಂಡಿದ್ದೆ. ನನಗೆ ಐದು ಭಾಷೆ ಬರುತ್ತದೆ ಗಂಗಲಕ್ಷ್ಮಿ. ಐದರಲ್ಲೂ ಇದನ್ನು ಬರೆದಿಲ್ಲ. ಚೆನ್ನಾಗಿ ಕಾಣುವುದನ್ನಷ್ಟೇ ಬರೆದೆ.”

ಮೊದಲ ಸಲ ನನ್ನ ಹೆಸರಿಗೆ ‘ಅವರೇ’ ಸೇರಿಸಿರಲಿಲ್ಲ.

ಅವರು ತಮ್ಮ ಹೊಲಸನ್ನು ತೆಗೆದು ಎದುರಿಗಿಟ್ಟಿದ್ದರು. ನನ್ನದು ಇನ್ನೂ ನನ್ನೊಳಗೇ ಇತ್ತು. ಇಷ್ಟು ದಿನ ಬೈದದ್ದೆಲ್ಲ ಅದನ್ನು ಮುಚ್ಚುವುದಕ್ಕೆ.

“ಅವ್ವ” ಅಂದೆ. “ಅವತ್ತು ಶೆಡ್ಡಲ್ಲಿ ಇವರು ಕೇಳಿದ್ರು, ಯಾಕೆ ಹಂಗೆ ಕುಡೀತಾರೆ ಅಂತ. ರೂಢಿ ಅಂದುಬಿಟ್ಟೆ. ನಾನು ಸುಳ್ಳು ಹೇಳದೆ ಇದ್ದಿದ್ರೆ ಇವರು ಹಂಗೆ ಬರೀತಿರಲಿಲ್ಲ.”

ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. “ಯಾಕೆ ಹಂಗಂದೆ?”

“ಇವರಿಗೆ ಗೊತ್ತಾಗಬಾರದು ಅಂತ.”

“ಏನು ಗೊತ್ತಾಗಬಾರ್ದು?”

“ನಾವು ಯಾರು ಅಂತ.”

ಅವ್ವ ನನ್ನನ್ನು ನೋಡಿದಳು, ಅವರನ್ನು ನೋಡಿದಳು. “ಓಹೋ” ಅಂದಳು. “ಅಷ್ಟರ ಮಟ್ಟಿಗೆ ಬಂದೈತಾ.” ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವಳ ಬೆನ್ನು ನೋಡಿದರೆ ಸಿಟ್ಟೋ ನಗುವೋ ಹೇಳಲು ಬರುತ್ತಿರಲಿಲ್ಲ.

ನೇಗಿಯ ಕಿವಿಗಳು ಉರಿಯುತ್ತಿದ್ದವು.

“ನೋಡಬೇಡಿ ನನ್ನ” ಅಂದೆ.

“ನಾನು ನಿಮ್ಮನ್ನು ಪ್ರೀತಿಸುತ್ತಿರುವ ವಿಷಯವನ್ನು ಈ ಮೂಲಕ ತಿಳಿಸಲು ಇಚ್ಛಿಸುತ್ತೇನೆ” ಅಂದರು. ಗಾಬರಿಯಾದರೆ ಅವರಿಗೆ ಸುದ್ದಿಯ ಕನ್ನಡವೇ ಬರುವುದು.

“ಏನ್ರೀ ಇದು, ಪ್ರೆಸ್ ನೋಟಾ?”

“ತಿದ್ದುಪಡಿಗೆ ಅವಕಾಶವಿದೆ.”

ನಗು ಬಂದುಬಿಡುತ್ತಿತ್ತು. ತುಟಿ ಕಚ್ಚಿ ತಡೆದೆ. “ನಂಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ.”

“ಇರಲಿ” ಅಂದರು. “ಸಿಟ್ಟು ಇಟ್ಟುಕೊಂಡೇ ಕೇಳಿ. ನಾನು ಸರಿಯಾಗಿ ಬರೆಯುತ್ತೇನೆ. ಈ ಸಲ ವರದಿ. ಕವಿತೆ ಅಲ್ಲ.”

“ನೀವು ಬರೆಯಬೇಡಿ. ನಮ್ಮವ್ವನ ಬಗ್ಗೆ ಇನ್ನು ಬರೆಯೋದಾದ್ರೆ ನಾನು ಬರೀತೀನಿ. ಅವಳು ಒಪ್ಪಿದ್ರೆ.”

“ನಾನು?”

“ಐದು ಭಾಷೆ ಬರುತ್ತಲ್ಲ. ನಾನು ಬರೆದದ್ದನ್ನ ಹಂಗೇ ಆ ಭಾಷೆಗಳಿಗೆ ಇಳಿಸಿ. ಒಂದು ಹುಣ್ಣಿಮೆ ಸೇರಿಸಿದ್ರೂ ಕೊಂದುಬಿಡ್ತೀನಿ.”

*

ಸೋಮವಾರ ಅವ್ವ ತಲೆ ಬಾಚಿ, ಹಬ್ಬಕ್ಕೆ ಉಡುವ ಸೀರೆ ಉಟ್ಟು ಹೊರಟಳು. ನಾನು ಜೊತೆಗೆ ಹೋದೆ. ನೇಗಿ ನಾಲ್ಕು ಮಾರು ಹಿಂದೆ. ಬರಬೇಡಿ ಅಂದಿದ್ದೆ. ಬಂದರು.

ಶಂಭುಲಿಂಗಯ್ಯ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಹಿಂದಿನ ಗೋಡೆಯ ಮೇಲೆ ಶರಣರ ಪಟ, ಅದಕ್ಕೆ ಹೊಸ ಹೂವು. ಪಟದ ಕೆಳಗೆ ನೀರಿನ ಹಂಡೆ, ಹಂಡೆಯ ಮುಚ್ಚಳದ ಮೇಲೆ ನಾಲ್ಕು ಸ್ಟೀಲ್ ಲೋಟ ಬೋರಲಾಗಿದ್ದವು. ಒಡೆಯುವ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು.

“ಬಾ ಪುಟ್ಟಗಂಗಮ್ಮ” ಅಂದರು. ಅವರ ದನಿ ಕೆಟ್ಟದಾಗಿರಲಿಲ್ಲ. ಅದೇ ಕಷ್ಟ. “ಆಗಿದ್ದು ಆಗೋಯ್ತು. ಎಷ್ಟು ವರ್ಷದಿಂದ ನಮ್ಮನೇಲಿ ಇದ್ದೀಯ, ನಿಂಗೇನು ಕಮ್ಮಿ ಮಾಡಿದೀವಿ? ಒತ್ತಿಬಿಡು, ಕೂತ್ಕೋ ಕೆಲಸಕ್ಕೆ.”

ಮರುಳಸಿದ್ದಯ್ಯ ಕಾಗದವನ್ನೂ ಇಂಕ್ ಪ್ಯಾಡನ್ನೂ ಜಗಲಿಯ ಅಂಚಿಗೆ ಇಟ್ಟು ಹಿಂದೆ ಸರಿದ.

“ಓದವ್ವ” ಅಂದಳು ಅವ್ವ ನನಗೆ.

ಓದಿದೆ. “ಪತ್ರಿಕೆಯಲ್ಲಿ ಬಂದಿರುವುದು ಸತ್ಯಕ್ಕೆ ದೂರವಾದುದು. ಸದರಿ ಸ್ಥಳದಲ್ಲಿ ನನಗೆ ಕುಡಿಯುವ ನೀರನ್ನು ಎಲ್ಲರಂತೆ ಲೋಟದಲ್ಲಿಯೇ ಕೊಡಲಾಗುತ್ತಿದೆ. ಇದನ್ನು ನಾನು ಸ್ವಇಚ್ಛೆಯಿಂದ...”

“ಸಾಕು” ಅಂದಳು. ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ಎಲ್ಲಿ ಕೊಡಿ” ಅನ್ನುವ ಅವಳ ದನಿ ಕೇಳಿಸಿತು.

“ಏನು?” ಅಂದರು ಶಂಭುಲಿಂಗಯ್ಯ.

“ನೀರು. ಕಾಗದದಾಗೆ ಬರ್ದೀರಲ್ಲ ಬುದ್ಧಿ, ಲೋಟದಲ್ಲಿ ಕೊಡ್ತಾವ್ರೆ ಅಂತ. ಕೊಡಿ. ಕುಡ್ದು ಒತ್ತುತೀನಿ.”

ಕಣ್ಣು ತೆರೆದೆ. ಅವ್ವ ಮಸಿ ಹತ್ತಿದ ಹೆಬ್ಬೆರಳನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯನ್ನು ಮುಂದೆ ಚಾಚಿ ನಿಂತಿದ್ದಳು. ಬೊಗಸೆಯಲ್ಲ, ಒಂದೇ ಕೈ.

ಯಾರೂ ಅಲ್ಲಾಡಲಿಲ್ಲ. ಮರುಳಸಿದ್ದಯ್ಯ ಯಜಮಾನರ ಮುಖ ನೋಡಿದ. ಯಜಮಾನರು ಹೆಂಗಸರ ಕಡೆ ನೋಡಿದರು, ಹೆಂಗಸರು ಲೋಟಗಳ ಕಡೆ. ಹದಿನಾಲ್ಕು ಜನ ಹೆಂಗಸರು. ಇವಳಿಗೆ ಕೊಟ್ಟರೆ ಅವರೂ ಕೇಳುತ್ತಾರೆ ಅನ್ನುವುದನ್ನು ಯಜಮಾನರ ಮುಖದ ಮೇಲೆ ಸ್ಪಷ್ಟವಾಗಿ ಓದಬಹುದಿತ್ತು.

“ಏನಮ್ಮ ಇದು, ಹೊಸ ಹಟ?” ಅಂದರು.

“ಹಟ ಅಲ್ಲ ಬುದ್ಧಿ. ಬಿಸ್ಲಾಗೆ ನಡ್ಕಂಡು ಬಂದೀನಿ.”

ನೇಗಿ ತಟ್ಟನೆ ಜಗಲಿ ಹತ್ತಿದರು. ಹಂಡೆಯ ಹತ್ತಿರ ಹೋಗಿ ಒಂದು ಲೋಟಕ್ಕೆ ಕೈ ಹಾಕಿದರು.

“ಏಯ್, ನೇಗಪ್ಪ!” ಅವ್ವ ಗದರಿದಳು. “ಮಡಗು ಅದ್ನ. ನಿನ್ನ ಕೈಲಿ ನಾನು ಯಾವಾಗ ಬೇಕಾದ್ರೂ ಕುಡೀಬೋದು. ಇದು ಅವರು ಕೊಡ್ಬೇಕು.”

ಅವರು ಲೋಟ ಇಟ್ಟು ಕೆಳಗಿಳಿದರು. ಇಳಿದು ನನ್ನ ಪಕ್ಕ ನಿಂತರು. ಮುಂದೆ ಅಲ್ಲ, ಪಕ್ಕ.

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಅಟ್ಟದ ಮೇಲೆ ಇಲಿಗಳು ಕಾಯಿಗಳ ನಡುವೆ ಓಡಾಡುವ ಸದ್ದು ಕೇಳುತ್ತಿತ್ತು. ಕೊನೆಗೆ ಶಂಭುಲಿಂಗಯ್ಯ ಎದ್ದರು. ಒಂದು ಕ್ಷಣ ಹಂಡೆಯ ಕಡೆ ಹೋಗುತ್ತಾರೆ ಅನ್ನಿಸಿತು. ಅವರಿಗೂ ಹಾಗನ್ನಿಸಿರಬೇಕು, ಒಂದು ಹೆಜ್ಜೆ ಇಟ್ಟಿದ್ದರು. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋಗಿಬಿಟ್ಟರು.

“ಸರಿ ಬುಡಿ” ಅಂದಳು ಅವ್ವ, ಖಾಲಿ ಕುರ್ಚಿಗೆ. ಹೆಬ್ಬೆರಳನ್ನು ಜಗಲಿಯ ಕಂಬಕ್ಕೆ ಒರೆಸಿದಳು. ಸುಣ್ಣದ ಮೇಲೆ ಕಪ್ಪಗೆ ಮೂಡಿತು.

ಹಿಂದಿನಿಂದ ಭೂತಮ್ಮನ ದನಿ ಬಂತು: “ರೈಟರಪ್ಪಾ, ನಂಗೂ ಗಂಟಲು ಒಣಗ್ತಾ ಐತೆ. ಲೋಟದಾಗೆ ತಾ.” ಮಚ್ಚು ಕೆಳಗಿಡುವ ಸದ್ದು ಒಂದಾದ ಮೇಲೊಂದು ಕೇಳಿತು. ಎಷ್ಟು ಜನ ಇಟ್ಟರು ಅಂತ ತಿರುಗಿ ನೋಡಬೇಕಿತ್ತು. ಅವ್ವ ಆಗಲೇ ರಸ್ತೆಗೆ ಇಳಿದಿದ್ದಳು. ಅವಳ ಜೊತೆ ನಡೆಯುವುದೇ ಕಷ್ಟ.

“ಮೊದಲೇ ಯೋಚನೆ ಮಾಡಿದ್ದಾ ಅವ್ವ?”

“ಏನ್ನ?”

“ಲೋಟ ಕೇಳಬೇಕು ಅಂತ.”

“ಇಲ್ಲ ಕಣೆ. ಬಾಯಾರಿಕೆ ಆಗಿತ್ತು.”

*

ತುರುವೇಕೆರೆ ರಸ್ತೆಯ ಅಂಚಿನ ತೋಟದ ನೆರಳಲ್ಲಿ ಅವ್ವ ನಿಂತಳು. ನೇಗಿ ಹಿಂದೆಯೇ ಉಳಿದಿದ್ದರು. ಕೈಯಾಡಿಸಿ ಕರೆದಳು.

“ಲೇ ನೇಗಪ್ಪ, ಬಾ ಇಲ್ಲಿ. ಒಂದು ಮಾತು ಕೇಳ್ತೀನಿ, ಸರಿಯಾಗಿ ಹೇಳು. ಇವಳು ಬರೀಲಿ, ನನ್ನ ಹೆಸರು ಹಾಕ್ಲಿ, ಈ ಸಲ ನಾನೇ ಹೇಳ್ತಾ ಇವ್ನಿ. ಅದು ಬುಡು. ಇವಳ್ನ ಕಟ್ಕಂಡು ನಿಮ್ಮೂರಿಗೆ ಕರ್ಕಂಡು ಹೋದ್ರೆ, ನಿಮ್ಮವ್ವ ಇವಳ ಕೈ ನೀರು ಕುಡೀತಾಳಾ?”

ಕಾದಂಬರಿಗಳಲ್ಲಿ ಇಂಥ ಕಡೆ ನಾಯಕ ಎದೆ ಮುಟ್ಟಿಕೊಂಡು ಖಂಡಿತ ಅನ್ನುತ್ತಾನೆ. ಅವರು ಹಾಗಂದಿದ್ದರೆ ನಾನು ಅಲ್ಲಿಂದಲೇ ಹೊರಟುಹೋಗುತ್ತಿದ್ದೆ.

ಅವರು ತುಂಬ ಹೊತ್ತು ಯೋಚಿಸಿದರು.

“ಗೊತ್ತಿಲ್ಲ” ಅಂದರು. “ನಾನು ಯಾವತ್ತೂ ಕೇಳಿಲ್ಲ. ಕುಡಿಯುವುದಿಲ್ಲ ಎಂದು ಭಯವಿದೆ. ಕಾಗದ ಬರೆದು ಕೇಳುತ್ತೇನೆ. ಹಿಮ ಬಿದ್ದರೆ ಉತ್ತರ ಬರಲು ಐದು ತಿಂಗಳಾಗಬಹುದು.”

ಅವ್ವ ನನ್ನ ಕಡೆ ತಿರುಗಿದಳು. “ಇವ್ನಿಗೆ ಸುಳ್ಳು ಹೇಳಕ್ಕೆ ಬರಕಿಲ್ಲ ಕಣೆ. ಹೆಂಗೆ ಬಾಳುವೆ ಮಾಡ್ತಾನೋ. ನಿಂಗೇ ಬುಟ್ಟಿದ್ದು” ಅಂದು ಸೆರಗು ಸುತ್ತಿಕೊಂಡು ಮುಂದೆ ನಡೆದಳು. ನಮ್ಮಿಬ್ಬರನ್ನೂ ತಿರುಗಿ ನೋಡಲಿಲ್ಲ. ಬೇಕೆಂದೇ.

ಗರಿಗಳ ಸಂದಿನಿಂದ ಬಿಸಿಲು ಅವರ ಮುಖದ ಮೇಲೆ ಬಿದ್ದು ಅಲ್ಲಾಡುತ್ತಿತ್ತು. ಸಣ್ಣ ಕಣ್ಣು ಇನ್ನಷ್ಟು ಸಣ್ಣದಾಗಿತ್ತು. ಈ ಸಲ ಸಾಕೆನ್ನುವಷ್ಟು ಹೊತ್ತು ನೋಡಿದೆ. ಅವರೂ ನೋಡಿದರು. ಅವರ ಕಣ್ಣಲ್ಲಿ ಈಗ ನಮ್ಮ ಕೇರಿಯೂ ಇತ್ತು, ಗಿಡ್ಡ ಬಾಗಿಲೂ ಇತ್ತು, ನಾನೂ ಇದ್ದೆ. ಮುಚ್ಚಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ಹಗುರವೆನ್ನಿಸಿತು. ಸಿಟ್ಟು ಮಾತ್ರ ಹೋಗಿರಲಿಲ್ಲ, ಅದು ಈಗ ಅವರ ಮೇಲಿರಲಿಲ್ಲ ಅಷ್ಟೇ.

“ಕ್ಷಮಿಸಿದಿರಾ?” ಅಂತ ಕೇಳಿದರು.

“ಇಲ್ಲ.”

“ಮತ್ತೆ?”

“ಕಾಗದ ಬರೆಯಬೇಡಿ ನಿಮ್ಮವ್ವನಿಗೆ. ಕಾಗದದಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ತಾರೆ. ಹಿಮ ಕರಗಲಿ. ನಾನೇ ಬತ್ತೀನಿ. ಅವರ ಎದುರಿಗೆ ನಿಂತು ನಾನೇ ಕೇಳ್ತೀನಿ.”

“ಅವರಿಗೆ ಹಿಂದಿ ಬರುವುದಿಲ್ಲ. ಬೆಟ್ಟದ ಮಾತೊಂದೇ.”

“ಕಲೀತೀನಿ. ನೀವು ಕನ್ನಡ ಕಲಿಯಲಿಲ್ವಾ? ಮಾತಾಡಿದ್ರೆ ನಾಕು ಜನ ನಗಬೇಕು, ಅಷ್ಟೇ ತಾನೆ?”

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, “ಬಾಗಿಲು ತೆರೆಯದಿದ್ದರೆ?” ಅಂದರು.

“ಅಂಗಳದಲ್ಲಿ ನಿಂತ್ಕೊತೀನಿ, ಡೋಲಿನವರ ಪಕ್ಕದಲ್ಲಿ. ನೀವು ಎಲ್ಲಿ ನಿಂತ್ಕೊತೀರಿ ಅಂತ ಅವತ್ತು ನೋಡ್ತೀನಿ.”

ಅವರು ಕೈ ಚಾಚಿದರು. ಮೊದಲ ಸಲ. ಹಗಲು ಹನ್ನೊಂದು ಗಂಟೆ, ತುರುವೇಕೆರೆ ರಸ್ತೆ, ಬಸ್ಸು ಬರುವ ಹೊತ್ತು. ಹಿಡಿದುಕೊಂಡೆ. ಬೆರಳ ತುದಿಯಲ್ಲಿ ಪೆನ್ನಿನ ಗಂಟು ಕಟ್ಟಿತ್ತು. ನನ್ನ ಬೆರಳಲ್ಲಿ ಮೊಳೆಯ ಮಸಿ.

“ನಿಮ್ಮ ಮಾತಲ್ಲಿ ನೀರಿಗೆ ಏನಂತಾರೆ?” ಅಂತ ಕೇಳಿದೆ.

“ತಿ.”

“ಅಷ್ಟೇನಾ?”

“ಅಷ್ಟೇ.”

“ತಿ” ಅಂದೆ.

“ಸ್ವಲ್ಪ ಮೆಲ್ಲಗೆ. ಜಗಳಕ್ಕೆ ಬಂದ ಹಾಗಿದೆ.”

“ಜಗಳಕ್ಕೇ ಬರ್ತಿರೋದು” ಅಂದೆ. ಕೈ ಬಿಡಲಿಲ್ಲ.